ದೊಡ್ಡಪ್ಪನ ತಪ್ಪಿದ ತಾಳ

ದೊಡ್ಡಪ್ಪನಿಗೆ ತಮ್ಮದೆಂಬ ನಡಿಗೆಯೇ ಇರಲಿಲ್ಲ. ಪಕ್ಕದಲ್ಲಿ ಮಗು ನಡೆದರೆ ಮಗುವಿನ ಹೆಜ್ಜೆ, ಮಂಡಿನೋವಿನ ನೆರೆಮನೆಯಾಕೆ ನಡೆದರೆ ಆಕೆಯ ಹೆಜ್ಜೆ, ಬಸ್ಸು ತಪ್ಪೀತೆಂದು ಧಾವಿಸುವವನ ಜೊತೆಗೆ ಧಾವಂತ. ಹೀಗೆ ಜೊತೆಗಾರರ ಕಾಲನ್ನೇ ತಮ್ಮದಾಗಿಸಿಕೊಂಡು ಆ ನೀಳಕಾಯ ಬೀದಿಯಲ್ಲಿ ಸಾಗುವುದನ್ನು ಕಂಡು ತಮ್ಮನ ಮಗಳಿಗೆ ಚಿಕ್ಕಂದಿನಲ್ಲಿ ನಗುವೋ ನಗು. ಶಾಲೆಯ ದಾರಿಯಲ್ಲಿ ಅವಳು ಬೇಕೆಂದೇ ಕುಂಟಿದರೆ ದೊಡ್ಡಪ್ಪನೂ ಕುಂಟುತ್ತಿದ್ದರು. ಅದೊಂದು ಆಟವೆಂದೇ ಅವಳು ತಿಳಿದಿದ್ದಳು.

ದೊಡ್ಡಪ್ಪ ಒಂದು ಕಾಲಕ್ಕೆ ಮನೆಮಾತಾಗಿದ್ದ ರಾಕ್ ತಂಡದ ಡ್ರಮ್ಮರ್. ಮನೆಮಾತಾದದ್ದು ತಂಡ ಮತ್ತು ಅದರ ಗಾಯಕ, ಅಂದರೆ ಅವಳ ಅಪ್ಪ. ಡ್ರಮ್ಮರ್ ಪಾಲಿಗೆ ಬಂದದ್ದು ಪರಿಹಾಸ್ಯ ಮಾತ್ರ. ಲಯ ಜಾರುತ್ತದೆ, ಒಮ್ಮೆ ಓಡುತ್ತದೆ, ಒಮ್ಮೆ ತೂಕಡಿಸುತ್ತದೆ ಎಂದು ವಿಮರ್ಶಕರು ಮೂಗು ಮುರಿಯುತ್ತಿದ್ದರು. ಅಪ್ಪನಂತೂ ವೇದಿಕೆಯ ಮೇಲೆಯೇ, "ನಮ್ಮಣ್ಣನ ಗಡಿಯಾರ ರಿಪೇರಿಗೆ ಹೋಗಿದೆ, ಸ್ವಲ್ಪ ಹೊಂದಿಸ್ಕೊಳ್ಳಿ" ಎಂದು ಚಟಾಕಿ ಹಾರಿಸುತ್ತಿದ್ದ. ಜನ ಹೋ ಎಂದು ನಕ್ಕರೆ ಡ್ರಮ್ಮುಗಳ ಹಿಂದೆ ದೊಡ್ಡಪ್ಪನೂ ನಗುತ್ತಿದ್ದರು. ಮೈಮೇಲೆ ಸದಾ ಒಂದೇ ಕಂದು ಕೋಟು. ಅದರ ಕಂಕುಳಿನ ಹೊಲಿಗೆಯನ್ನು ತಾವೇ ಬಿಚ್ಚಿಕೊಂಡಿದ್ದರು. ಯಾಕೆಂದು ಕೇಳಿದರೆ, "ಕೈ ಆಡ್ಬೇಕಲ್ಲ, ಅಷ್ಟೆ." ಅವರ ಯಾವ ಮಾತೂ ಈ 'ಅಷ್ಟೆ' ಇಲ್ಲದೆ ಮುಗಿಯುತ್ತಿರಲಿಲ್ಲ.

ತಂಡ ಒಡೆದ ಮೇಲೆ ಅವರು ಹಾಡುಗಾರನಿಲ್ಲದ, ಬರೀ ಡ್ರಮ್ಮಿನ ಎರಡು ರೆಕಾರ್ಡುಗಳನ್ನು ಸ್ವಂತವಾಗಿ ತಂದರು. ಖಾಲಿ ಮನೆಯ ಬಾಗಿಲು ಗಾಳಿಗೆ ಬಡಿದುಕೊಂಡಂತಿದೆ ಎಂದು ಯಾರೋ ಬರೆದದ್ದೇ ಅವುಗಳ ಚರಮಗೀತೆಯಾಯಿತು. ಮಾರಾಟವಾಗದ ಪೆಟ್ಟಿಗೆಗಳನ್ನು ದೊಡ್ಡಪ್ಪ ಒಂದರ ಮೇಲೊಂದು ಪೇರಿಸಿ, ಮೇಲೆ ಹಳೆಯ ಕಂಬಳಿ ಹಾಸಿ, ಕೋಟನ್ನು ಇಸ್ತ್ರಿ ಮಾಡತೊಡಗಿದರು. ಎತ್ತರ ಸರಿಯಾಗಿದೆಯಂತೆ, ಅಷ್ಟೆ.

ಅಪ್ಪ ತೀರಿಕೊಂಡ ಕೆಲವು ವರ್ಷಗಳ ನಂತರ, ಧ್ವನಿಮುದ್ರಣದ ಕಸುಬು ಹಿಡಿದಿದ್ದ ಮಗಳಿಗೇ ಆ ಹಳೆಯ ಹಾಡುಗಳನ್ನು ಹಸನುಗೊಳಿಸುವ ಕೆಲಸ ಬಂತು. "ನಿಮ್ಮಪ್ಪನ ದನಿ ಬಂಗಾರ ಮೇಡಂ, ಆ ಡ್ರಮ್ಸ್ ಒಂದನ್ನ ಸರಿ ಮಾಡ್ಬಿಡಿ" ಎಂದರು ಕಂಪನಿಯ ಮ್ಯಾನೇಜರ್. ಅದೇನು ಮಹಾ ಕೆಲಸವಲ್ಲ. ಎಲ್ಲರೂ ಕೂಡಿ ನುಡಿಸಿದ್ದರೂ ಟೇಪಿನಲ್ಲಿ ಪ್ರತಿಯೊಬ್ಬರ ಸದ್ದೂ ಬೇರೆ ಬೇರೆ ಸಾಲಿನಲ್ಲಿರುತ್ತದೆ. ಡ್ರಮ್ಮಿನ ಸಾಲನ್ನಷ್ಟೇ ಹಿಡಿದು ಒಂದೊಂದು ಪೆಟ್ಟನ್ನೂ, ಸಮ ಅಂತರದಲ್ಲಿ ತಾಳ ಗುರುತಿಸುವ ಕಂಪ್ಯೂಟರಿನ ಗೆರೆಗೆ ಸರಿಸಿದರಾಯಿತು. ಅವಳು ಸರಿಸಿದಳು. ಹಾಡು ಹಾಕಿದಳು.

ಗಡಿಯಾರದಂತೆ ನಡೆಯುತ್ತಿದ್ದ ಆ ಶುದ್ಧ ತಾಳದ ಮೇಲೆ ಅಪ್ಪ ಎಡವುತ್ತಿದ್ದ. ಹಾಡಿನ ಸಾಲುಗಳ ಕೊನೆಯಲ್ಲಿ ಉಸಿರು ಸಾಲದೆ ಪದಗಳನ್ನು ನುಂಗುತ್ತಿದ್ದ, ಮುಂದಿನ ಸಾಲಿಗೆ ತಡವಾಗಿ ಬರುತ್ತಿದ್ದ, ಬಂದವನು ಗಾಬರಿಯಿಂದ ಓಡುತ್ತಿದ್ದ. ತನ್ನದೇ ಕೈತಪ್ಪಿರಬೇಕೆಂದು ಮತ್ತೆ ಮಾಡಿದಳು, ಮತ್ತೆ ಅದೇ. ಹಳೆಯ ಡ್ರಮ್ಮನ್ನು ಅದರ ಸ್ಥಾನಕ್ಕೆ ಮರಳಿಸಿದ ಕೂಡಲೇ ಅಪ್ಪ ಮತ್ತೆ ರಾಜನಾದ. ಉಳಿದ ವಾದ್ಯಗಳನ್ನೆಲ್ಲ ಮುಚ್ಚಿ ಅಣ್ಣತಮ್ಮಂದಿರಿಬ್ಬರನ್ನೇ ಕೇಳಿದಳು: ತಮ್ಮ ಉಸಿರೆಳೆದುಕೊಳ್ಳುವ ಸಣ್ಣ ಸದ್ದಿಗೇ ಅಣ್ಣನ ಕೋಲು ಕೂದಲೆಳೆಯಷ್ಟು ತಡೆದು ನಿಲ್ಲುತ್ತಿತ್ತು; ಉಸಿರು ಮುಗಿಯುವುದರೊಳಗೆ ಸಾಲು ಮುಗಿಸಲು ಅವನು ಹವಣಿಸಿದರೆ ಕೋಲೂ ಮುಂದೋಡಿ ದಾರಿ ಬಿಡುತ್ತಿತ್ತು; ಮುಚ್ಚಿದ್ದನ್ನು ಮತ್ತೆ ತೆರೆದರೆ, ಮಿಕ್ಕ ವಾದ್ಯದವರು ಡ್ರಮ್ಮನ್ನು ಹಿಂಬಾಲಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವನ ಕಾಲು ತಪ್ಪದಿರಲೆಂದು ನೆಲವೇ ಡೊಂಕಾಗಿ, ಡೊಂಕೆನ್ನಿಸಿಕೊಂಡು ಬಿದ್ದಿತ್ತು.

ಆಮೇಲೆ ದೊಡ್ಡಪ್ಪನ ಆ ಎರಡು ರೆಕಾರ್ಡುಗಳನ್ನು ತರಿಸಿ ಕಂಪ್ಯೂಟರಿನ ಅದೇ ಗೆರೆಯ ಪಕ್ಕಕ್ಕಿಟ್ಟು ನೋಡಿದಳು. ಯಾರಿಗಾಗಿಯೂ ಕಾಯಬೇಕಿಲ್ಲದ ಅಲ್ಲಿ ತಾಳ ಮೊದಲಿಂದ ಕೊನೆಯವರೆಗೆ ಅಲುಗಲಿಲ್ಲ. ಆ ಅಚಲತೆಯ ಮೇಲೆ ಬಲಗೈ ಒಂದು ಹೇಳಿದರೆ ಎಡಗೈ ಅಲ್ಲಗಳೆಯುತ್ತಿತ್ತು, ಕಾಲು ಇಬ್ಬರ ಜಗಳವನ್ನೂ ಬಿಡಿಸುತ್ತಿತ್ತು. ಇಂಥ ವಿದ್ಯೆಯ ಮೇಲೆ ಇಷ್ಟು ಕಾಲ ಕೋಟು ಇಸ್ತ್ರಿಯಾಗುತ್ತಿತ್ತೇ ಎಂದು ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ದೊಡ್ಡಪ್ಪನನ್ನು ಕರೆಸಿ, ಕೂರುವ ಮೊದಲೇ ಕೇಳಿದಳು. "ತಾಳ ತಪ್ಪಿದ್ದು ನೀವಲ್ಲ, ಅಪ್ಪ. ಹೌದೋ ಅಲ್ವೋ?"

ಅವರು ಕೋಟಿನ ಗುಂಡಿಯನ್ನು ತಿರುಗಿಸಿದರು. "ಹುಟ್ಟಿದಾಗ್ಲಿಂದ ಅವನಿಗೆ ಉಸಿರು ಕಮ್ಮಿ ಕಣಮ್ಮ. ಸ್ವಲ್ಪ ಕಾಯ್ತಿದ್ದೆ, ಅಷ್ಟೆ."

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಾಗಿದ್ರೆ ಮತ್ತೆ ಮೈಕ್ ಮುಂದೆ ಬಾಯಿ ತೆಗೀತಿದ್ನಾ ಅವನು? ಆ ಜಂಬಕ್ಕೆ ಅವತ್ತೇ ಹಾಡೋದು ಬಿಟ್ಬಿಡ್ತಿದ್ದ."

ಅಪ್ಪ ತಿಳಿಯದೆಯೇ ನಗೆಯಾಡಿದ್ದ, ತಿಳಿದ ಇವರು ಜೊತೆಗೆ ನಕ್ಕಿದ್ದರು! "ಈಗ್ಲಾದ್ರೂ ಜನಕ್ಕೆ ಹೇಳ್ತೀನಿ ದೊಡ್ಡಪ್ಪ."

"ಹೇಳ್ಬೇಡ. ಅವನ ಹೆಸರು ಹಾಗೇ ಇರ್ಲಿ." ಈ ಮಾತಿನ ತುದಿಯಲ್ಲಿ ಮಾತ್ರ 'ಅಷ್ಟೆ' ಇರಲಿಲ್ಲ.

ಒಂದು ಕಡೆ ಅಪ್ಪನ ಕೀರ್ತಿ, ಇನ್ನೊಂದು ಕಡೆ ಈ ಮನುಷ್ಯನಿಗೆ ಸಲ್ಲಬೇಕಾದ ಮರ್ಯಾದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅವಳು ಪಕ್ಕದ ಕೋಣೆಗೆ ಹೋಗಿ ಮ್ಯಾನೇಜರಿಗೆ ಫೋನು ಮಾಡಿದಳು. ಡ್ರಮ್ಮನ್ನು ಮುಟ್ಟುವುದಿಲ್ಲ, ದೊಡ್ಡಪ್ಪನ ಎರಡು ರೆಕಾರ್ಡುಗಳೂ ಆ ಹಾಡುಗಳ ಜೊತೆಗೇ ಒಂದೇ ಪೆಟ್ಟಿಗೆಯಲ್ಲಿ ಬರಬೇಕು ಎಂದಳು. "ಜನ ನಗ್ತಾರೆ ಮೇಡಂ." "ಮೊದಲು ಎರಡನ್ನೂ ಒಂದಾದ್ಮೇಲೊಂದು ಕೇಳ್ಲಿ, ಆಮೇಲೂ ನಗು ಬಂದ್ರೆ ನಗ್ಲಿ." ಹೇಳಬೇಡ ಎಂದಿದ್ದರು ದೊಡ್ಡಪ್ಪ, ಕೇಳಿಸಬೇಡ ಎಂದಿರಲಿಲ್ಲ.

ದೊಡ್ಡಪ್ಪ ಹೊರಟಾಗ ಅವಳು ಮೇಲಿನ ಕಿಟಕಿಯಲ್ಲಿ ನಿಂತಳು. ಅವರೊಬ್ಬರೇ ಹೋಗುವುದನ್ನು ಇಷ್ಟು ದಿನ ಅವಳು ಎಂದೂ ನೋಡಿರಲಿಲ್ಲ. ಬೆನ್ನು ನೆಟ್ಟಗೆ, ಹೆಜ್ಜೆಗೂ ಹೆಜ್ಜೆಗೂ ಒಂದೇ ಅಂತರ, ಒಂದೇ ಸದ್ದು. ಆ ರೆಕಾರ್ಡಿನ ತಾಳವೇ ಬೀದಿಯಲ್ಲಿ ನಡೆದು ಹೋಗುತ್ತಿತ್ತು. ತಿರುವಿನಲ್ಲಿ ಮಂಡಿನೋವಿನ ನೆರೆಮನೆಯಾಕೆ ಕೈಚೀಲ ಹಿಡಿದು ಎದುರಾದಳು. ಚೀಲ ಅವರ ಕೈಗೆ ಬಂತು, ಹೆಜ್ಜೆ ಕುಂಟತೊಡಗಿತು.

ಇಂಥವರ ಕುಲವೇ ಹೀಗೆ. ಜೊತೆಯಲ್ಲಿರುವಷ್ಟು ಕಾಲ ಅವರಲ್ಲಿ ನಮಗೆ ಕಾಣುವುದು ನಮ್ಮದೇ ಕುಂಟು. ಅದನ್ನು ಅವರದೆಂದು ತಿಳಿದು ನಾವು ನಗುತ್ತೇವೆ, ನಮ್ಮ ನಗು ಕೆಡದಿರಲೆಂದು ಅವರೂ ನಗುತ್ತಾರೆ.