ಎಡಗೈ ಮುಷ್ಟಿ

ಮಸಾಜಿನಿಂದ ಪೂರ್ತಿ ಪ್ರಯೋಜನ ಪಡೆಯುವುದು ಹೇಗೆಂದು ಮಗಳು ಜ್ಯೋತ್ಸ್ನಾ ನನಗೆ ಪಾಠ ಮಾಡಿದ್ದೇ ಮಾಡಿದ್ದು. ಹೊಟ್ಟೆ ತುಂಬ ತಿನ್ನಬಾರದು, ಬೇಗ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು, ಫೋನ್ ಆಫ್ ಮಾಡಬೇಕು, ಮುಗಿದ ಮೇಲೆ ನೀರು ಕುಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಎಲ್ಲಿ ನೋವು, ಎಷ್ಟು ಒತ್ತಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಆ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಶಿಸ್ತಾಗಿ ಮಾಡಿದೆ. ಅರ್ಧ ದೋಸೆ ತಿಂದು ವಸಂತಪುರದಿಂದ ಆಟೋ ಹತ್ತಿ, ಜಯನಗರದ ಆ ಆಯುರ್ವೇದ ಕೇಂದ್ರದವರು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಆದರೂ ಎಡಭುಜ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಫ್ರೋಜನ್ ಶೋಲ್ಡರ್ ಎಂದಿದ್ದರು ಡಾಕ್ಟರು. ಶುಗರ್ ಇರುವವರಿಗೆ ಬರುತ್ತದಂತೆ. ತಲೆ ಬಾಚಲು, ಸೆರಗು ಸರಿಮಾಡಲು ಆಗದಿದ್ದರೆ ಹಾಳಾಗಿಹೋಗಲಿ, ಬಲಗೈ ಇದೆ. ಆದರೆ ನಾವು ಲಿಂಗವಂತರು. ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ, ಅದನ್ನೇ ನೋಡುತ್ತ ಕೂರುವುದು ನಮ್ಮ ದಿನದ ಪೂಜೆ. ನನ್ನ ಕೈ ಹೊಟ್ಟೆಯಿಂದ ಮೇಲಕ್ಕೆ ಬರುತ್ತಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಹಟ ಮಾಡಿ ಎತ್ತಲು ಹೋದೆ. ಭುಜದಲ್ಲಿ ಚಳಕು ಹೊಡೆದು ಕೈ ತಿರುಗಿತು. ಲಿಂಗ ನೆಲಕ್ಕೆ ಬಿತ್ತು.

ಲಿಂಗ ಬಿತ್ತೆಂದು ಪ್ರಾಣವನ್ನೇ ಬಿಟ್ಟವರ ಕಥೆ ಕೇಳುತ್ತ ಬೆಳೆದವಳು ನಾನು. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು, ಜಯದೇವಪ್ಪನವರು, "ಏನೇ ಅದು ಸದ್ದು?" ಎಂದರು.

"ಏನಿಲ್ಲ ರೀ, ವಿಭೂತಿ ಗಟ್ಟಿ ಬಿತ್ತು" ಎಂದೆ.

ಅಂದಿನಿಂದ ಲಿಂಗವನ್ನು ತೊಡೆಯ ಮೇಲೆಯೇ ಬಿಗಿಯಾಗಿ ಹಿಡಿದುಕೊಂಡು ಪೂಜೆಯ ಶಾಸ್ತ್ರ ಮುಗಿಸುತ್ತಿದ್ದೆ. ಬೆರಳು ಬಿಚ್ಚಲು ಭಯ. ಯಾರಿಗೂ ಹೇಳಲಿಲ್ಲ. ಮಸಾಜಿಗೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಕೀಲು ಬಿಡಿಸೋಣ ಎಂದರು ಡಾಕ್ಟರು. ಆಪರೇಷನ್ ಥಿಯೇಟರಿನೊಳಗೆ ಮೈಮೇಲೆ ಒಂದು ದಾರವೂ ಇರಕೂಡದಂತೆ! ಪ್ರಜ್ಞೆಯಿಲ್ಲದೆ, ಲಿಂಗವೂ ಇಲ್ಲದೆ ಮಲಗುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು.

ನನಗೆ ಮಸಾಜ್ ಮಾಡುತ್ತಿದ್ದವಳು ಅಲಮೇಲು, ತಿಲಕ್ ನಗರದವಳು, ಗಟ್ಟಿ ಕೈಯ ಹೆಂಗಸು. ಮೊದಲ ದಿನವೇ, "ಆಂಟಿ, ಕತ್ತಲ್ಲಿರೋದೆಲ್ಲ ತೆಗ್ದು ಟ್ರೇನಲ್ಲಿಡಿ. ಬೋರಲು ಮಲಗ್ದಾಗ ಎದೆಗೆ ಒತ್ತುತ್ತೆ" ಎಂದಿದ್ದಳು. ಸರ ತೆಗೆದಿಟ್ಟೆ. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಮಾತ್ರ ಎಡಗೈಯಲ್ಲಿ ಮುಚ್ಚಿ ಹಿಡಿದು, ಮುಷ್ಟಿಯನ್ನು ಟವೆಲಿನಡಿ ಸೇರಿಸಿಕೊಂಡೆ. ಅದನ್ನು ಮೈಯಿಂದ ದೂರ ಇಡುವಂತಿಲ್ಲ, ಇನ್ನೊಬ್ಬರ ಕೈಗೂ ಕೊಡುವಂತಿಲ್ಲ. ಮತ್ತೆ ಬಿದ್ದೀತೆಂಬ ದಿಗಿಲು ಬೇರೆ. ಹೋದ ದಿನವೆಲ್ಲ ಇದೇ ಕಥೆ.

"ಕೈ ಲೂಸ್ ಬಿಡಿ ಆಂಟಿ."

"ಬಿಟ್ಟಿದ್ದೀನಮ್ಮ."

"ನೋವಾಗ್ತಿದ್ಯಾ? ಕಮ್ಮಿ ಮಾಡ್ಲಾ?"

"ಪರವಾಗಿಲ್ಲಮ್ಮ, ಚೆನ್ನಾಗಿ ಮಾಡ್ತೀಯ."

ಪ್ರಾಣ ಹೋಗುವಷ್ಟು ನೋವಾಗುತ್ತಿತ್ತು. ದುಡಿಯುವ ಹೆಂಗಸಿನ ಕೆಲಸಕ್ಕೆ ಕೊಂಕು ತೆಗೆಯಬಾರದೆಂಬ ನನ್ನ ಸೌಜನ್ಯಕ್ಕೆ ಬೆಂಕಿ ಹಾಕ!

ಮಸಾಜಿನ ಕೊನೆಯ ದಿನ ಅಲಮೇಲು ಎಣ್ಣೆ ಹಚ್ಚಿದವಳು ಅರ್ಧಕ್ಕೇ ಕೈ ನಿಲ್ಲಿಸಿದಳು.

"ಬೇಜಾರ್ ಮಾಡ್ಕೋಬೇಡಿ ಆಂಟಿ. ನಿಮ್ ಭುಜ ನನ್ ಕೈಗೆ ಸಿಗ್ತಾನೇ ಇಲ್ಲ. ಡಾಕ್ಟ್ರು ಹೇಳಿದ್ದೇ ಮಾಡಿಸ್ಕೊಳಿ."

ಎದ್ದು ಕೂತು ಅತ್ತುಬಿಟ್ಟೆ. ಗಂಡನಿಗೂ ಮಗಳಿಗೂ ಹೇಳದಿದ್ದನ್ನು, ಲಿಂಗ ಬಿದ್ದದ್ದನ್ನು, ಅವಳಿಗೆ ಹೇಳಿದೆ. ಟವೆಲಿನಡಿಯಿಂದ ಮುಷ್ಟಿ ತೆಗೆದು ತೋರಿಸಿದೆ.

"ದಿನಾ ಹಿಂಗೇ ಹಿಡ್ಕೊಂಡಿದ್ರಾ?" ಅವಳಿಗೆ ಸಿಟ್ಟು ಬಂದಿತ್ತು. "ಮುಷ್ಟಿ ಬಿಗಿ ಹಿಡಿದ್ರೆ ಭುಜ ಹೆಂಗ್ ಬಿಡುತ್ತೆ ಆಂಟಿ? ಮೊದ್ಲೇ ಹೇಳೋದಲ್ವಾ?"

"ಎಲ್ಲಿಡ್ಲಿ ಮತ್ತೆ, ನೀನೇ ಹೇಳು! ನಿನ್ ಟ್ರೇನಲ್ಲಿಡ್ಲಾ?" ನನಗೂ ಸಿಟ್ಟು ಬಂತು.

ಲಿಂಗವನ್ನು ತಲೆಗೆ ಕಟ್ಟಿಕೊಳ್ಳುವ ರೂಢಿಯೂ ನಮ್ಮಲ್ಲಿ ಉಂಟು. ಅದು ಹೊಳೆದದ್ದೇ, ಬಲಗೈಯಿಂದ ಕರಡಿಗೆಯನ್ನು ನೆತ್ತಿಗಿಟ್ಟು ಅದರ ದಾರ ಸುತ್ತಲು ಹೋದೆ. ಗಂಟು ಹಾಕಲು ಎರಡು ಕೈ ಬೇಕು. ಎಡಗೈ ಎಲ್ಲಿ ಮೇಲೆ ಬಂದೀತು? ದಾರ ಜಾರಿತು, ಮತ್ತೆ ಸುತ್ತಿದೆ, ಮತ್ತೆ ಜಾರಿತು. ಇಂಥ ಗತಿ ಶತ್ರುವಿಗೂ ಬೇಡ.

"ದಾರ ಮಾತ್ರ ಹಿಡೀತೀನಿ ಆಂಟಿ. ಅದನ್ನ ಮುಟ್ಟಲ್ಲ" ಎಂದಳು ಅಲಮೇಲು.

ಎಣ್ಣೆಯ ಕೈಗಳನ್ನು ಮೊಣಕೈವರೆಗೂ ಸೀಗೆಪುಡಿ ಹಾಕಿ ತೊಳೆದು ಬಂದಳು. ಕರಡಿಗೆಯನ್ನು ನಾನು ಅದುಮಿ ಹಿಡಿದೆ, ಅವಳು ದಾರ ಎಳೆದು ಗಂಟು ಹಾಕಿದಳು. ಮತ್ತೆ ಬೋರಲು ಮಲಗಿದೆ. ಎಡ ಅಂಗೈ ತೆರೆದು ಮಂಚದಾಚೆ ಇಳಿಬಿತ್ತು.

ಅವಳ ಹೆಬ್ಬೆರಳು ಭುಜದ ಹಿಂದೆ ಇಳಿದ ಕೂಡಲೇ ಕಿರುಚಿದೆ. "ಅಯ್ಯೋ! ಅಲ್ಲೇ ಕಣೇ! ನಿಧಾನ... ಅಷ್ಟಲ್ಲ, ಸ್ವಲ್ಪ ಕೆಳಗೆ... ಹಾಂ, ಅಲ್ಲೇ!" ನಾನು ಬೈದೆ, ಅತ್ತೆ, ಇನ್ನೂ ಬೈದೆ. ಅವಳು ನಾನು ಹೇಳಿದಲ್ಲಿ ಹೇಳಿದಷ್ಟೇ ಒತ್ತಿದಳು. ಒಳಗೆ ಎಲ್ಲೋ ಏನೋ ಸಡಿಲವಾಯಿತು. ನಿಜಕ್ಕೂ ಆಯಿತು.

ಎದ್ದು ಕೂತು ಕೈ ಎತ್ತಿದೆ. ಎದೆಯವರೆಗೆ ಬಂತು. ಅಲ್ಲಿ ನಿಂತಿತು. ಎಷ್ಟು ಜಗ್ಗಿದರೂ ಅದಕ್ಕಿಂತ ಮೇಲೆ ಬರಲಿಲ್ಲ. ಇಷ್ಟು ದಿನ ಹಾಳು ಮಾಡಿದೆನಲ್ಲ ಎಂದು ಹೊಟ್ಟೆ ಉರಿಯಿತು.

ನನ್ನ ಸಮಯ ಮುಗಿಯುತ್ತ ಬಂದಿತ್ತು. ದಾರ ಬಿಚ್ಚಿಸಿಕೊಂಡು, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಬೆರಳು ಮಡಚಲಿಲ್ಲ.

"ಅಲಮೇಲು, ನನ್ ಮೊಣಕೈ ಹಿಡ್ಕೋತೀಯಾ?"

ಅವಳು ಪಕ್ಕದಲ್ಲಿ ಮಂಡಿಯೂರಿ, ಎರಡೂ ಅಂಗೈ ಸೇರಿಸಿ ನನ್ನ ಮೊಣಕೈ ಕೆಳಗಿಟ್ಟಳು. ನಿಧಾನವಾಗಿ ಎತ್ತಿದಳು. ನಾನು ಹಲ್ಲುಕಚ್ಚಿದೆ. ಎದೆ, ಕೊರಳು, ಗಲ್ಲ, ಆಮೇಲೆ ಕಣ್ಣು. ಶ್ರಾವಣದಿಂದೀಚೆಗೆ ಮೊದಲ ಸಲ ನನ್ನ ಲಿಂಗ ನನ್ನ ಕಣ್ಣೆದುರು ಕಪ್ಪಗೆ ಹೊಳೆಯುತ್ತಿತ್ತು.

"ಬಿಡ್ಬೇಡ" ಎಂದೆ.

"ಬಿಡಲ್ಲ ಆಂಟಿ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಮುಂದಿನವರು ಬಂದಿದ್ದರು. ಅವಳು ಕೈ ತೆಗೆದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಲಮೇಲು ತಲೆಯೆತ್ತಿ ಬಾಗಿಲ ಕಡೆ ನೋಡಿ, "ಇನ್ನೂ ಆಗಿಲ್ಲ!" ಎಂದು ಕೂಗಿದಳು.