ಹೊಟ್ಟು ಅಂದವನ ಕುರ್ಚಿ

ನಾನು ಒಂದು ಸಿನಿಮಾ ಕುರ್ಚಿ. ಸಿಂಹಾಸನ ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಆದರೆ ತಿಗಣೆ ಕಚ್ಚಿದಾಗ ಜನ ನನ್ನ ವಂಶವನ್ನೆಲ್ಲ ಎತ್ತಿ ಬೈದದ್ದು ನೆನಪಾಗಿ ಸುಮ್ಮನಾಗುತ್ತೇನೆ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ. ಎರಕದ ಕಬ್ಬಿಣದ ಕಾಲು, ಹಲಗೆಯ ಮೇಲೆ ತೆಂಗಿನ ನಾರು, ನಾರಿನ ಮೇಲೆ ಕೆಂಪು ರೆಕ್ಸಿನ್. ಸಿನಿಮಾ ಕುರ್ಚಿಗಳು ಒಂಟಿಯಾಗಿ ಹುಟ್ಟುವುದಿಲ್ಲ, ಸಾಲಾಗಿ ಹುಟ್ಟುತ್ತವೆ. ನಾನು ಸಾಲಿನ ಬಲತುದಿಯ ಕುರ್ಚಿ; ನನಗೂ ಎಡಗಡೆಯ ಪಕ್ಕದವಳಿಗೂ ನಡುವೆ ಇದ್ದದ್ದು ಒಂದೇ ಕಾಲು, ಅದರ ಮೇಲೆ ಮೊಣಕೈ ಊರಲು ಒಂದೇ ಕೈ. ನಮ್ಮನ್ನು ಲಾರಿಯಲ್ಲಿ ರಾಣೆಬೆನ್ನೂರಿಗೆ ತಂದು, ಹೇಮಾಂಬಿಕಾ ಟಾಕೀಸಿನ ಬಾಲ್ಕನಿಯ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದರು.

ಕತ್ತಲಲ್ಲಿ ಮನುಷ್ಯರನ್ನು ಕೆಳಗಿನಿಂದ ನೋಡುವವರು ನಾವು. ಕೂತವರ ಮುಖ ನಮಗೆ ಕಾಣದಿದ್ದರೂ ಭಾರ ತಿಳಿಯುತ್ತದೆ. ಬೇಸರವಾದವರು ಎಡಕ್ಕೆ ಬಲಕ್ಕೆ ಹೊರಳುತ್ತಾರೆ, ಹೆದರಿದವರು ಅಂಚಿಗೆ ಸರಿಯುತ್ತಾರೆ, ಮನಸ್ಸು ಕರಗಿದವರು ಕಲ್ಲಿನ ಹಾಗೆ ಕೂರುತ್ತಾರೆ. ಬಾಯಿ ಹೊರಗೆ ಹೋಗಿ ಏನಾದರೂ ಹೇಳಲಿ, ಕೂತ ಭಾರ ಸುಳ್ಳು ಹೇಳುವುದಿಲ್ಲ. ಬಾಯಿ ಮತ್ತು ಭಾರ ಎರಡೂ ಒಂದೇ ಮಾತು ಹೇಳಿದ ಒಬ್ಬನೇ ಮನುಷ್ಯ ಎಂದು ನಾನು ನಂಬಿದ್ದು ಗುರುಶಾಂತಪ್ಪನನ್ನು.

ಗುರುಶಾಂತಪ್ಪನದು ಬಸ್‌ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ. ಶುಕ್ರವಾರ ಹೊಸ ಸಿನಿಮಾ ಬಂದರೆ ಗಿರಣಿ ನಿಲ್ಲಿಸಿ ಮೊದಲನೇ ಆಟಕ್ಕೆ ಬರುತ್ತಿದ್ದ, ನನ್ನ ಮೇಲೆಯೇ ಕೂರುತ್ತಿದ್ದ. ಅವನು ಎದ್ದ ಮೇಲೆ ನನ್ನ ಮೈತುಂಬ ಜೋಳದ ಹಿಟ್ಟಿನ ವಾಸನೆ. ಆಟ ಮುಗಿದಾಗ ನನ್ನ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಗೇಟ್‌ಕೀಪರ್ ಮೌಲಾಸಾಬ ಬಾಗಿಲ ಪರದೆ ಸರಿಸಿ ಕೇಳುತ್ತಿದ್ದ:

"ಕಾಳೋ ಹೊಟ್ಟೋ, ಗುರಣ್ಣ?"

ಉತ್ತರಕ್ಕಾಗಿ ಕೆಳಗಿನ ಜನವೂ ಕತ್ತು ಮೇಲೆತ್ತಿ ನಿಲ್ಲುತ್ತಿದ್ದರು. ಕಾಳು ಅಂದರೆ ಸಂಜೆಯ ಹೊತ್ತಿಗೆ ಬಾಲ್ಕನಿ ತುಂಬುತ್ತಿತ್ತು. ಮರುದಿನ ಗಿರಣಿಯ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತ ಹೆಂಗಸರು ಆ ಮಾತನ್ನು ಹಿಟ್ಟಿನ ಜೊತೆ ಮನೆಮನೆಗೆ ಒಯ್ಯುತ್ತಿದ್ದರು. ಟಾಕೀಸಿನ ಮಾಲೀಕರೂ ಅದನ್ನು ಕೇಳಿಯೇ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ನಿರ್ಧರಿಸುತ್ತಿದ್ದರು.

ಆ ದಿನಗಳಲ್ಲಿ ಪಕ್ಕದವಳ ಮೇಲೆ ಕೂರುತ್ತಿದ್ದವಳು ಅವನ ಮಗಳು ಅನ್ನಪೂರ್ಣಾ, ಮನೆಯ ಹೆಸರು ಪೂರ್ಣಿ. ಪರದೆ ಕಾಣಲಿ ಎಂದು ಅವಳ ಕೆಳಗೆ ಗಿರಣಿಯ ಗೋಣಿಚೀಲ ಮಡಚಿ ಹಾಕುತ್ತಿದ್ದ. ನಡುವಿನ ಕೈಯ ಮೇಲೆ ಅವನ ಮೊಣಕೈ, ಅದರ ಮೇಲೆ ಅವಳ ಅಂಗೈ. ಒಮ್ಮೊಮ್ಮೆ ಮೌಲಾಸಾಬ ಅವಳನ್ನೇ ಮೊದಲು ಕೇಳುತ್ತಿದ್ದ. ಅವಳು "ಅರ್ಧ ಕಾಳು, ಅರ್ಧ ಹೊಟ್ಟು" ಅಂದರೆ ಅಪ್ಪ ನಗುತ್ತಿದ್ದ. ಆ ನಗು ನನ್ನ ಸ್ಕ್ರೂಗಳವರೆಗೂ ಇಳಿಯುತ್ತಿತ್ತು.

ದೊಡ್ಡವಳಾದ ಪೂರ್ಣಿ ಇದೇ ಟಾಕೀಸಿನ ಪ್ರೊಜೆಕ್ಟರ್ ಓಡಿಸುವ ಯಲ್ಲಪ್ಪನ ಮಗನನ್ನು ಮೆಚ್ಚಿ ಮದುವೆಯಾದಳು. ಜಾತಿ ಬೇರೆ. ಇದ್ದದ್ದು ಅದೇ ಊರಿನಲ್ಲಿ, ಎರಡು ಓಣಿಯ ಆಚೆ. ಗುರುಶಾಂತಪ್ಪ ಮಾತು ಬಿಟ್ಟ. ಸಿನಿಮಾ ಮಾತ್ರ ಬಿಡಲಿಲ್ಲ. ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಅದಕ್ಕೂ ಟಿಕೇಟು ತೆಗೆಸುತ್ತಿದ್ದ. ಮನಸ್ಸಿನಲ್ಲಿ ಜಾಗ ಇಟ್ಟಿದ್ದಾನಲ್ಲ, ಒಂದು ದಿನ ಸರಿಹೋಗುತ್ತದೆ ಎಂದು ನಾನೂ ಅಂದುಕೊಂಡೆ. ಪಕ್ಕದವಳೂ ಅಂದುಕೊಂಡಳು.

ಈಚಿನ ಸಿನಿಮಾಗಳಿಗೂ ಅವನ ಬಾಯಿ ಪ್ರಾಮಾಣಿಕವಾಗಿಯೇ ಇತ್ತು. ಗಡ್ಡದ ಹೀರೋ ಊರಿಗೆ ಊರನ್ನೇ ಗುಂಡಿಟ್ಟು ಸುಡುವ ಸಿನಿಮಾದ ಎರಡನೆಯ ಭಾಗ ಬಂತು. ಜನ ನನ್ನ ಅಣ್ಣತಮ್ಮಂದಿರ ಮೇಲೆ ಹತ್ತಿ ಕುಣಿದರು. ಇವನು ನನ್ನ ಮೇಲೆ ನಿದ್ದೆ ಹೊಡೆದ. ಎದ್ದು ಅಭಿಮಾನಿಗಳ ನಡುವೆಯೇ ಹೇಳಿದ: "ಹೊಟ್ಟು. ಸಪ್ಪಳ ಭಾಳ ಐತಿ, ಕಲ್ಲಿನಾಗ ಕಾಳ ಇಲ್ಲ." ಹುಡುಗರು ಮೈಮೇಲೆ ಬಂದರೂ ಮಾತು ಬದಲಿಸಲಿಲ್ಲ.

ಹಾಸ್ಟೆಲ್ಲಿನ ದೆವ್ವದ ಸಿನಿಮಾಕ್ಕೆ ಅವನು ಬೆಚ್ಚಿಬಿದ್ದು ನನ್ನ ಅಂಚಿಗೆ ಬಂದಿದ್ದ. ಅದನ್ನೂ ಮುಚ್ಚಿಡಲಿಲ್ಲ. "ಹುಳ ಹತ್ತಿದ ಗೋದಿ. ಆದ್ರೂ ಆರಿಸಿ ತಿನ್ನಬೌದು, ನಾನಂತೂ ಅಂಜಿದೆ ನೋಡಪ" ಅಂದ. ಬೇರೆ ಭಾಷೆಯಿಂದ ಬಂದು ತುಟಿ ಒಂದು ಕಡೆ, ಮಾತು ಒಂದು ಕಡೆ ಓಡುವ ಚಿತ್ರಕ್ಕೆ, "ಬ್ಯಾರೇ ಗಿರಣ್ಯಾಗ ಬೀಸಿದ ಹಿಟ್ಟು, ನಮ್ಮ ರೊಟ್ಟಿಗೆ ಹದ ಬರೂದಿಲ್ಲ" ಅಂದ. ಇಂಥವನ ಕುರ್ಚಿ ನಾನು ಎಂದು ನನಗೆ ಜಂಬವೂ ಇತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ.

ಆಮೇಲೆ ಆ ಸಣ್ಣ ಸಿನಿಮಾ ಬಂತು. ದೊಡ್ಡ ಹೆಸರಿಲ್ಲ, ಹೊಡೆದಾಟವಿಲ್ಲ. ಬಂದವರು ಬೆರಳೆಣಿಕೆಯ ಜನ. ಇಷ್ಟಪಟ್ಟವನನ್ನು ಮದುವೆಯಾದ ಮಗಳ ಜೊತೆ ಮಾತು ಬಿಟ್ಟ ಒಬ್ಬ ಮುದುಕನ ಕಥೆ. ದೀಪ ಆರಿದ ಮೇಲೆ ಒಬ್ಬ ಹೆಂಗಸು ಬಂದು ನನ್ನ ಹಿಂದಿನ ಸಾಲಿನಲ್ಲಿ ಕೂತಳು. ಅವಳ ಬೆರಳು ಒಮ್ಮೆ ಪಕ್ಕದವಳ ಬೆನ್ನನ್ನು ಸವರಿತು. ಆ ಬೆರಳು ನಮಗೆ ಹೊಸದಲ್ಲ. ಪೂರ್ಣಿ ಬಂದಿದ್ದಳು. ಶುಕ್ರವಾರದ ಮೊದಲನೇ ಆಟಕ್ಕೆ ಅಪ್ಪ ಎಲ್ಲಿರುತ್ತಾನೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪರದೆಯ ಮೇಲೆ ಮುದುಕ ಬಸ್ಸು ಹತ್ತಿದ. ಒಳಗೆ ಒಂದೇ ಸೀಟು ಖಾಲಿ, ಅದು ಮಗಳ ಪಕ್ಕದ್ದು. ಅವಳು ಕಿಟಕಿಯ ಕಡೆ ಸರಿದು ಜಾಗ ಮಾಡಿದಳು. ಮುದುಕ ಕೂರಲಿಲ್ಲ. ಮೇಲಿನ ಸರಳು ಹಿಡಿದು, ನಡುಗುವ ಕಾಲಿನಲ್ಲಿ ಊರು ಬರುವವರೆಗೂ ನಿಂತೇ ಹೋದ.

ಗುರುಶಾಂತಪ್ಪ ನನ್ನ ಮೇಲೆ ಕಲ್ಲಾದ. ನಡುವಿನ ಕೈಯನ್ನು ಹಿಡಿದ ಬಿಗಿತಕ್ಕೆ ಅದರ ಹಳೆಯ ಸ್ಕ್ರೂ ಕಿರುಗುಟ್ಟಿತು. ಪಕ್ಕದವಳ ಮೇಲಿನ ಟವೆಲ್ ಎತ್ತಿ ಬಾಯಿಗೆ ಒತ್ತಿಕೊಂಡ. ಕಣ್ಣೀರು ನನ್ನ ಹರಿದ ರೆಕ್ಸಿನ್ನಿನಿಂದ ನಾರಿಗೆ ಇಳಿಯಿತು. ಇಷ್ಟು ವರ್ಷದಲ್ಲಿ ಅವನು ನನ್ನ ಮೇಲೆ ಅತ್ತದ್ದು ಅದೇ ಮೊದಲು. ಟವೆಲ್ ತೆಗೆದಿದ್ದರಿಂದ ಪಕ್ಕದ ಸೀಟೂ ಖಾಲಿಯಾಗಿತ್ತು.

ದೀಪ ಹತ್ತಿತು. ಅವನು ಎದ್ದು ನನ್ನ ಬೆನ್ನಿನ ಮೇಲೆ ಕೈಯಿಟ್ಟ. ತಿರುಗಿದಾಗ ಹಿಂದಿನ ಸಾಲಿನಲ್ಲಿ ನಿಂತ ಮಗಳು ಕಂಡಳು. ಅವಳ ಕಣ್ಣೂ ಕೆಂಪಾಗಿತ್ತು. ಮೌಲಾಸಾಬ ಬಾಗಿಲ ಪರದೆ ಸರಿಸಿ, ಇಬ್ಬರನ್ನೂ ನೋಡಿ, ಮೆತ್ತಗೆ ಕೇಳಿದ:

"ಕಾಳೋ ಹೊಟ್ಟೋ, ಗುರಣ್ಣ?"

ಪೂರ್ಣಿ ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಸಿನಿಮಾ ಅವಳಿಗೆ ನೆಪವಾಗಿತ್ತು. ಕಾಳು ಎಂಬ ಒಂದು ಮಾತು ಬಂದಿದ್ದರೆ ಅವಳು ಅಪ್ಪನ ಹತ್ತಿರ ಬಂದುಬಿಡುತ್ತಿದ್ದಳು. ಹೇಳಿಬಿಡು ಎಂದು ನಾನು ಬೇಡಿಕೊಂಡೆ.

"ಹೊಟ್ಟು" ಅಂದ ಗುರುಶಾಂತಪ್ಪ. "ಬರೇ ಹೊಟ್ಟು. ತಂದಿಗೆ ಮರ್ಯಾದಿ ಇಲ್ಲದ ಕಥಿ."

ಪೂರ್ಣಿ ಸೆರಗು ಸರಿಪಡಿಸಿಕೊಂಡು ಮೆಟ್ಟಿಲಿಳಿದು ಹೋದಳು. ಅವನ ಕೈ ಇನ್ನೂ ನನ್ನ ಬೆನ್ನಿನ ಮೇಲೇ ಇತ್ತು. ಅವನ ಕಣ್ಣೀರನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ನನ್ನನ್ನೇ ಮುಟ್ಟಿಕೊಂಡು ಅವನು ಆ ಸುಳ್ಳು ಹೇಳಿದ. ಬೇರೆ ಯಾರು ಹೇಳಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಊರು ಅವನ ಮಾತನ್ನು ನಂಬಿತು. ವಾರ ತುಂಬುವ ಮೊದಲೇ ಆ ಸಿನಿಮಾವನ್ನು ತೆಗೆದು, ಗಡ್ಡದವನನ್ನೇ ಮತ್ತೆ ಹಾಕಿದರು.

ಮುಂದೆ ಟಾಕೀಸೂ ಮುಚ್ಚಿತು. ಗುಜರಿಯವರು ಬಂದು ಬೋಲ್ಟು ಬಿಚ್ಚತೊಡಗಿದಾಗ ಗುರುಶಾಂತಪ್ಪನೂ ಬಂದ. ನನ್ನನ್ನು ತೋರಿಸಿ "ಇದು ನನಗ ಬೇಕು" ಅಂದ. ಸಿಟ್ಟೆಲ್ಲ ಮರೆತು ನಾನು ಹಿಗ್ಗಿದೆ.

"ಜೋಡಿ ಒಯ್ರಿ ಯಜಮಾನ್ರ. ಎರಡರ ನಡುವ ಒಂದ ಕಾಲು, ಒಂದ ಕೈ" ಅಂದ ಗುಜರಿಯವನು.

ಗುರುಶಾಂತಪ್ಪ ಪಕ್ಕದವಳನ್ನು ಸ್ವಲ್ಪ ಹೊತ್ತು ನೋಡಿದ. "ಒಂದ ಸಾಕು. ಕೊಯ್ದು ಕೊಡು."

ಗರಗಸ ಇಬ್ಬರ ನಡುವೆ ಆಡಿತು. ತುಕ್ಕು ಹಿಡಿದ ಕಾಲೂ ಕೈಯೂ ಅವಳ ಜೊತೆಗೇ ಹೋದವು. ನನ್ನ ಎಡಗಡೆಗೆ ಒಂದು ಮೊಂಡು ಪೈಪು ಬೆಸೆದರು. ನಿಲ್ಲಲು ಕಾಲಾಯಿತು, ಕೈ ಆಗಲಿಲ್ಲ. ಪಕ್ಕದವಳನ್ನು ಲಾರಿಗೆ ಎಸೆದ ಸದ್ದು ನನಗೆ ಕೇಳಿಸಿತು.

ಈಗ ನಾನು ಗಿರಣಿಯ ಮೂಲೆಯಲ್ಲಿದ್ದೇನೆ. ಮೈಮೇಲೆಲ್ಲ ಬಿಳಿ ಹಿಟ್ಟು, ಮುಪ್ಪಿಗೆ ಒಪ್ಪುವಂತೆಯೇ ಇದೆ. ಗುರುಶಾಂತಪ್ಪ ನನ್ನ ಮೇಲೆ ಕೂತು ಫೋನಿನಲ್ಲಿ ಸಿನಿಮಾ ನೋಡುತ್ತಾನೆ. ಮೊನ್ನೆ ಮಧ್ಯಾಹ್ನ ಆ ಸಣ್ಣ ಸಿನಿಮಾವನ್ನೇ ಹಾಕಿಕೊಂಡ. ಬಸ್ಸಿನ ದೃಶ್ಯಕ್ಕೆ ಮತ್ತೆ ಕಲ್ಲಾದ, ಮತ್ತೆ ಅತ್ತ. ಅಷ್ಟರಲ್ಲಿ ಓಣಿಯ ಹಿರಿಯಳು ಬಾಳವ್ವ ಡಬ್ಬಿ ಹೊತ್ತು ಬಂದಳು.

"ಏನ ನೋಡಾಕ್ಹತ್ತೀಯೋ ಗುರುಶಾಂತ? ಹೆಂಗೈತಿ?"

ಅವನು ಅವಸರದಿಂದ ಕಣ್ಣೊರೆಸಿಕೊಂಡು ಫೋನು ಆರಿಸಿದ. "ಹೊಟ್ಟು ಬೇ."

"ಆಗಲಿ. ಈ ಜ್ವಾಳ ಪೂರ್ಣೀದು. ನಿಮ್ಮ ಗಿರಣ್ಯಾಗ ಬೀಸಿದ್ದ ಬೇಕಂತ."

ಅವನು ಡಬ್ಬಿಯನ್ನು ನೋಡಿದ. "ದಪ್ಪ ಬೇಕಂತೋ, ಸಣ್ಣ ಬೇಕಂತೋ?"

"ನಿನ್ನ ಮಗಳ ರೊಟ್ಟಿ ಹೆಂಗಿರಬೇಕಂತ ನನ್ನ ಕೇಳ್ತಿಯೇನೋ?"

ಅವನು ಎದ್ದು ಜೋಳವನ್ನು ಗಿರಣಿಗೆ ಸುರಿದ. ಹಿಟ್ಟು ಸಣ್ಣಗಾಗಲೆಂದು ಬೀಸುವ ಕಲ್ಲು ಬಿಗಿ ಮಾಡಿದ. ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, ಇನ್ನಷ್ಟು ಬಿಗಿ ಮಾಡಿ, ಹತ್ತಿಯಷ್ಟು ಮೆತ್ತಗೆ ಬೀಸಿ ಕೊಟ್ಟ. ಬಾಳವ್ವ ಹೇಳಿಕಳಿಸುವ ಮಾತೇನಾದರೂ ಇದೆಯೇ ಎಂದು ಕಾದಳು. ಅವನು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದ. ಡಬ್ಬಿ ತಲೆಗೇರಿಸಿಕೊಂಡು ಹೋದಳು.

ಗುರುಶಾಂತಪ್ಪ ಬಂದು ನನ್ನ ಮೇಲೆ ಕುಸಿದ. ಎಡ ಮೊಣಕೈಯನ್ನು ಪಕ್ಕಕ್ಕೆ ಊರಲು ಹೋದ. ಅದು ಗಾಳಿಯಲ್ಲಿ ಜಾರಿ, ಇಡೀ ಮೈ ಆ ಕಡೆಗೆ ವಾಲಿತು. ಅಲ್ಲಿ ಕೈ ಇಲ್ಲ. ಕೊಯ್ಯಿಸಿದವನು ಅವನೇ, ಆದರೂ ದಿನಾ ಮರೆಯುತ್ತಾನೆ.