ಎಲ್ಲರೂ ಹತ್ತಿದ ಮೇಲೆ

"ಏ ಗೂಡ್ಸು, ಸರಿಯೇ ಪಕ್ಕಕ್ಕೆ! ಬಾಗಿಲಿಗೆ ಅಡ್ಡ ಕೂತ್ಕೊಂಡು ಏನ್ ಮಾಡ್ತಿದೀಯ, ಮೊಟ್ಟೆ ಇಡ್ತಿದೀಯಾ?"

ಕಾವಲುಗಾರ ಬೀಗದ ಕೈ ಕುಲುಕುತ್ತ ಬಂದ. ಅವಳು ಸರಿಯಲಿಲ್ಲ. ಚಕ್ರದ ಹಲಗೆಯನ್ನು ಮೆಟ್ಟಿಲ ಬುಡದ ಕಬ್ಬಿಣದ ಬಾಗಿಲಿಗೆ ಒತ್ತಿಕೊಂಡು ಕೂತೇ ಇದ್ದಳು.

ಸೊಂಟದ ಕೆಳಗೆ ಕಾಲುಗಳು ಹೆಸರಿಗೆ ಮಾತ್ರ ಇದ್ದವು. ನೆಲದ ಮೇಲಾದರೆ ಹಲಗೆ, ಮೆಟ್ಟಿಲ ಮೇಲಾದರೆ ಕೈ. ಬೆನ್ನು ಮೇಲಿನ ಮೆಟ್ಟಿಲ ಕಡೆಗೆ, ಮುಖ ಕೆಳಗಿನ ಬಾಗಿಲ ಕಡೆಗೆ ಮಾಡಿ ಕೂತು, ಅಂಗೈಯೂರಿ ಮೈಯೆತ್ತಿ, ಒಂದೊಂದೇ ಮೆಟ್ಟಿಲಿಗೆ ಕುಂಡೆ ಇಡುತ್ತ ಹತ್ತುವವಳಿಗೆ ಅವಳು ಕಾಲೇಜು ಸೇರಿದ ವಾರವೇ ಹುಡುಗರು ಗೂಡ್ಸ್ ಗಾಡಿಯ ಹೆಸರಿಟ್ಟಿದ್ದರು. ಹಾಜರಿ ಕೂಗುವ ಮೇಷ್ಟರೂ ಅವಳ ಸರದಿ ಬಂದಾಗ ನಗು ನುಂಗಿಕೊಳ್ಳುತ್ತಿದ್ದರು.

ಗೂಡ್ಸ್ ಗಾಡಿಗೆ ತಕ್ಕ ಕಾನೂನೂ ಇತ್ತು. ಮೊದಲ ಗಂಟೆಗೆ ಕಬ್ಬಿಣದ ಬಾಗಿಲು ತೆಗೆದಾಗ ಅವಳು ಗೋಡೆಗೆ ಒತ್ತರಿಸಿಕೊಂಡು ಕಾಯಬೇಕು, ಎಲ್ಲರೂ ಹತ್ತಿದ ಮೇಲೆ ಹತ್ತಬೇಕು. ಪ್ರಿನ್ಸಿಪಾಲರ ಅಪ್ಪಣೆ. ಕಳೆದ ವರ್ಷ ಪರೀಕ್ಷೆಯ ದಿನವೂ ಹಾಗೇ ಕಾದಳು. ಮೇಲೆ ಹೋಗಿ ಮುಟ್ಟುವಷ್ಟರಲ್ಲಿ ಎರಡನೆಯ ಗಂಟೆ ಹೊಡೆದು ಕೋಣೆಯ ಬಾಗಿಲು ಹಾಕಿತ್ತು. ಬಡಿದಳು. "ತಡ ಆಯ್ತು, ಹೋಗಮ್ಮ," ಎಂದು ಒಳಗಿನಿಂದ ಯಾರೋ ಹೇಳಿದರು. ಒಂದು ವರ್ಷ ಮಣ್ಣುಪಾಲಾಯಿತು. ಇವತ್ತಿನ ಪರೀಕ್ಷೆಯನ್ನೂ ಬರೆಯದಿದ್ದರೆ ಕಾಲೇಜಿನಿಂದ ಹೆಸರೇ ಹೋಗುತ್ತದೆ.

ಕೆಳಗಿನ ಕೋಣೆಯಲ್ಲಿ ಬರೆಯುತ್ತೇನೆಂದು ಕೇಳಲು ಹೋದಾಗ ಪ್ರಿನ್ಸಿಪಾಲರು ತಲೆಯೆತ್ತಿಯೂ ನೋಡಿರಲಿಲ್ಲ. "ಅದು ಅತಿಥಿಗಳ ಕೋಣೆ. ನಿನ್ನಂಥೋರು ಮನೇಲೇ ಕೂತು ಓದಬಹುದಲ್ಲ, ಇಲ್ಲಿ ಬಂದು ನಮ್ಮ ಪ್ರಾಣ ಯಾಕೆ ತಿಂತೀಯ? ನಿಮ್ಮಮ್ಮನಿಗೆ ಇಲ್ಲಿ ಕೆಲಸ ಕೊಟ್ಟಿದ್ದೇ ಹೆಚ್ಚು."

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳ ಅಮ್ಮ, "ತಪ್ಪಾಯ್ತು ಸಾರ್," ಎಂದಿದ್ದಳು. ಯಾವ ತಪ್ಪು ಅಂತ ಅಮ್ಮನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ಗಂಟೆ ಹೊಡೆಯಿತು. ಬೀಗ ಬಿಚ್ಚಿತು. ಅವಳು ಹಲಗೆಯಿಂದ ಮೈಯೆತ್ತಿ ಮೆಟ್ಟಿಲಿನ ನಟ್ಟನಡುವೆ ಕೂತಳು. ಇಬ್ಬರು ಎದುರಾದರೆ ಭುಜ ಓರೆ ಮಾಡಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲದು. ಎರಡು ಕೈಯನ್ನೂ ಅಗಲಕ್ಕೆ ಊರಿ ಹತ್ತತೊಡಗಿದಳು. ನುಗ್ಗಿದ ಹುಡುಗರ ಹಿಂಡು ಅವಳ ಕಾಲ ಬುಡಕ್ಕೆ ಬಂದು ನಿಂತಿತು.

"ಸರಿಯೇ, ಟೈಮ್ ಆಗುತ್ತೆ!"

"ನನಗೂ ಆಗುತ್ತೆ."

"ನಮ್ಮ ವರ್ಷ ಹಾಳಾಗುತ್ತೆ ಕಣೇ!"

"ನಂದು ಹಾಳಾದಾಗ ಎಲ್ಲಿದ್ದೆ? ಮೇಲೆ ಕೂತು ಬರೀತಿದ್ದೆ ತಾನೇ?"

ಒಬ್ಬ ಅವಳನ್ನು ದಾಟಿ ಹಾರಲು ನೋಡಿದ. ಬೂಟು ಅವಳ ಬೆರಳ ಮೇಲೆ ಬಿತ್ತು. ಅವಳು ಅವನ ಪ್ಯಾಂಟು ಹಿಡಿದೆಳೆದು, "ಇನ್ನೊಂದ್ಸಲ ತುಳಿದ್ರೆ ಕಾಲು ಕಚ್ತೀನಿ, ಬೋಳಿಮಗನೆ," ಎಂದಳು. ಅವನು ಹಿಂದೆ ಸರಿದ. ಬೆರಳು ಉರಿಯುತ್ತಿತ್ತು, ಆದರೂ ಹೊಟ್ಟೆಯೊಳಗೆ ಎಂಥದೋ ಖುಷಿಯಾಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಪ್ರಶ್ನೆಪತ್ರಿಕೆಯ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಂದರು. "ಎಲ್ಲಾ ಕೆಳಗಿಳೀರಿ. ಏನಿದು ನಾಟಕ? ಇವಳ ತಾಯೀನ ಕರೀರಿ!"

ಅಮ್ಮ ನೆಲ ಒರೆಸುವ ಬಕೆಟ್ಟಿನ ಸಮೇತ ಓಡಿ ಬಂದಳು.

"ಎತ್ತಿ ಆಚೆ ಹಾಕು ಇವಳನ್ನ."

ಹುಡುಗರು ಇಳಿದು ದಾರಿ ಬಿಟ್ಟರು. ಅಮ್ಮ ಬಕೆಟ್ಟು ಕೆಳಗಿಟ್ಟು, ಹತ್ತಿ ಬಂದು ಮಗಳ ಕಂಕುಳಿಗೆ ಕೈ ಹಾಕಿದಳು. ಮಗಳು ಕಂಬಿಯನ್ನು ಅವುಚಿ ಹಿಡಿದಳು.

"ಬಾರೇ, ಕೈ ಮುಗೀತೀನಿ. ಹೊಟ್ಟೆ ಮೇಲೆ ಹೊಡೀಬೇಡ್ವೇ."

"ಎತ್ತಮ್ಮ, ಎತ್ತಿ ಹಾಕು. ಆಮೇಲೆ ನನಗೂ ಒಂದು ಪೊರಕೆ ತಂದ್ಕೊಡು. ನಿನ್ನ ಹಾಗೆ ಬಗ್ಗೋ ಕಷ್ಟಾನೂ ನನಗಿಲ್ಲ, ಕೂತ್ಕೊಂಡೇ ಗುಡಿಸ್ತೀನಿ."

ಅಮ್ಮನ ಕೈ ಸಡಿಲವಾಯಿತು. ಮಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟಳು.

"ಏನ್ ನೋಡ್ತಿದೀಯ?" ಪ್ರಿನ್ಸಿಪಾಲರು ಕೂಗಿದರು. "ದಿನಾ ಕಸ ಎತ್ತೋ ಕೈಗೆ ಇದೊಂದು ಭಾರಾನಾ?"

ಅಮ್ಮ ಮಗಳನ್ನು ಬಿಟ್ಟು ಕೆಳಗಿಳಿದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಕೆಟ್ಟು ಎತ್ತಿ ಕೆಳಗಿನ ಮೆಟ್ಟಿಲುಗಳ ಮೇಲೆ ಅಷ್ಟೂ ಕೊಳೆನೀರು ಸುರಿದಳು. ಪ್ರಿನ್ಸಿಪಾಲರ ಬೂಟು ತೊಯ್ದುಹೋಯಿತು. ಅವರು ಕಟ್ಟನ್ನು ಎದೆಗವಚಿಕೊಂಡು ಹಿಂದಕ್ಕೆ ಹಾರಿದರು.

"ಏನೇ, ತಲೆ ಕೆಟ್ಟಿದೆಯಾ!"

"ಮೆಟ್ಟಿಲು ತೊಳೀತಿದೀನಿ ಸಾರ್. ಒಣಗೋ ತನಕ ಯಾರೂ ಕಾಲಿಡಬೇಡಿ. ಜಾರಿ ಬಿದ್ದು ಸೊಂಟ ಮುರಿದ್ರೆ ನಿಮ್ಮನ್ನ ಮೇಲಕ್ಕೆ ಹೊತ್ಕೊಂಡು ಹೋಗೋರು ಈ ಕಾಲೇಜಲ್ಲಿ ಯಾರೂ ಇಲ್ಲ."

"ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು!"

"ಬರಲ್ಲ ಬಿಡಿ. ಇವತ್ತಿನ ಕೆಲಸ ಮುಗಿಸಿ ಹೋಗ್ತೀನಿ."

ಆ ಕೊಳೆನೀರಿನಲ್ಲೇ ಕಾಲು ಚಾಚಿ ಅಮ್ಮ ಮೊದಲ ಮೆಟ್ಟಿಲಿಗೆ ಅಡ್ಡ ಕೂತಳು. ಮಗಳು ಮೇಲಿನಿಂದ ಅವಳನ್ನೇ ನೋಡುತ್ತಿದ್ದಳು. ನಾಳೆ ಒಲೆ ಉರಿಯುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಹತ್ತೇ," ಅಮ್ಮ ತಿರುಗಿ ನೋಡದೆ ಗದರಿದಳು. "ಬಾಯಿ ಬಿಟ್ಕೊಂಡು ನನ್ನೇನು ನೋಡ್ತೀಯ?"

ಎರಡನೆಯ ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಇನ್ನೂ ಕೆಳಗೇ ಇತ್ತು, ಅದು ಮೇಲೆ ಹೋಗದೆ ಪರೀಕ್ಷೆ ಶುರುವಾಗುವಂತಿರಲಿಲ್ಲ. ಅವಳು ಅಂಗೈಯೂರಿ ಮೈಯೆತ್ತಿ ಇನ್ನೊಂದು ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದ ಎಲ್ಲರ ಮುಖವೂ ಅವಳಿಗೆ ಕಾಣುತ್ತಿತ್ತು.